ಕರಿ ಹರಿಯುವ ಓಟ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ರೈತನಿಗೆ ಓಟದ ಕಣವೆಂದರೆ ಊರ ಅಗಸಿಯ ಮುಂದಿನ ದಾರಿ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯ ಸಂಜೆ ಅಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವೊಂದನ್ನು ಅಡ್ಡಲಾಗಿ ಬಿಗಿಯುತ್ತಾರೆ. ಅದೇ ಕರಿ. ಕೋಡಿಗೆ ಬಣ್ಣ ಬಳಿಸಿಕೊಂಡು ಬಂದ ಎತ್ತುಗಳಲ್ಲಿ ಯಾವುದು ಅದನ್ನು ಮೊದಲು ಹರಿಯುವುದೋ ಅದರ ಮೈಬಣ್ಣದಲ್ಲಿ ವರ್ಷದ ಫಲ ಅಡಗಿದೆಯೆಂಬುದು ಹಿರಿಯರ ನಂಬಿಕೆ: ಕೆಂದೆತ್ತು ಗೆದ್ದರೆ ಮುಂಗಾರು, ಬಿಳಿಯೆತ್ತು ಗೆದ್ದರೆ ಹಿಂಗಾರು.

ಓಡುವುದು ಮನೆಯಲ್ಲಿ ದುಡಿಯುವ ಎತ್ತೇ. ಗೆದ್ದ ಮಾನ ಮನೆತನದ್ದು. ಬಿತ್ತನೆ ಬಂದಾಗ ಅದೇ ಕೊರಳಿಗೆ ನೊಗ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಪ್ರಾಣಿಹಿಂಸೆಯ ಕಾರಣದಿಂದ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಶಾಸನ ತಿದ್ದಿ ಕಂಬಳಕ್ಕೂ ಎತ್ತುಗಳ ಓಟಕ್ಕೂ ಎಡೆಮಾಡಿಕೊಟ್ಟಿತು. 2023ರ ಮೇ 18ರಂದು ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶಾಸನದಲ್ಲಿ ಓಟ ಉಳಿಯಿತು. ಆದರೆ ಟ್ರ್ಯಾಕ್ಟರು ಉಳುವ ಹೊಲಗಳ ನಡುವೆ ದಂದಕ್ಕಿಯಲ್ಲಿ ಎತ್ತು ಉಳಿದೀತೆ? ಎತ್ತಿಲ್ಲದ ಊರಿನಲ್ಲಿ ಕರಿ ಕಟ್ಟಿದರೂ ಹರಿಯುವವರು ಯಾರು?