ಆಗಸದಲ್ಲಿ ಸಣ್ಣ ವಿಮಾನಗಳ ಡಿಕ್ಕಿ: ಪೈಲಟ್‌ಗಳು ತಪ್ಪಿಸುವುದು ಹೇಗೆ?

ಸಣ್ಣ ಖಾಸಗಿ ವಿಮಾನಗಳು ಆಗಸದಲ್ಲಿ ಡಿಕ್ಕಿಯಾಗುವುದು ಮೋಡ ಕವಿದಾಗ ಅಥವಾ ರಾತ್ರಿ ವೇಳೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಇಂಥ ಬಹುತೇಕ ಅಪಘಾತಗಳು ನಡೆಯುವುದು ಹಗಲಲ್ಲಿ, ಆಕಾಶ ಶುಭ್ರವಾಗಿರುವಾಗಲೇ. ಅದರಲ್ಲೂ ಕಂಟ್ರೋಲ್ ಟವರ್ ಇಲ್ಲದ ನಿಲ್ದಾಣಗಳ ಸುತ್ತ ಅಪಾಯ ಹೆಚ್ಚು.

2022ರ ಆಗಸ್ಟ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ವ್ಯಾಟ್ಸನ್‌ವಿಲ್‌ನಲ್ಲಿ ಇಳಿಯಲು ಬರುತ್ತಿದ್ದ ಸೆಸ್ನಾ 152 ಮತ್ತು ಸೆಸ್ನಾ 340 ವಿಮಾನಗಳು ಡಿಕ್ಕಿಯಾಗಿ ಮೂವರು ಮೃತಪಟ್ಟರು. ಇಬ್ಬರೂ ಪೈಲಟ್‌ಗಳು ರೇಡಿಯೊದಲ್ಲಿ ತಾವಿರುವ ಜಾಗ ತಿಳಿಸಿದ್ದರು. ಆದರೂ ವೇಗವಾಗಿ ನೇರ ಬಂದ ಸೆಸ್ನಾ 340ರ ಪೈಲಟ್ ಇನ್ನೊಂದು ವಿಮಾನವನ್ನು ನೋಡಿ ತಪ್ಪಿಸಲಿಲ್ಲ ಎಂದು ತನಿಖೆ ಹೇಳಿತು.

ಹೀಗಾಗಿ ರೇಡಿಯೊ ಜತೆಗೆ ಕಣ್ಣೂ ಎಚ್ಚರವಿರಬೇಕು. ಆಕಾಶವನ್ನು 10 ಡಿಗ್ರಿಯ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲೂ ಕನಿಷ್ಠ 1 ಸೆಕೆಂಡ್ ದೃಷ್ಟಿ ನಿಲ್ಲಿಸಬೇಕು. ಅಕ್ಕಪಕ್ಕಕ್ಕೆ ಸರಿಯುವ ವಿಮಾನಕ್ಕಿಂತ, ಗಾಜಿನಲ್ಲಿ ಒಂದೇ ಕಡೆ ನಿಂತಂತೆ ಕಾಣುವ ವಿಮಾನವೇ ಅಪಾಯಕಾರಿ. ಅದು ಡಿಕ್ಕಿಯ ದಾರಿಯಲ್ಲಿದೆ ಎಂದರ್ಥ. ಅದನ್ನು ಗುರುತಿಸಿ ವಿಮಾನ ತಿರುಗಿಸುವಷ್ಟರಲ್ಲಿ ಸುಮಾರು 12.5 ಸೆಕೆಂಡ್ ಕಳೆಯುತ್ತದೆ ಎನ್ನುತ್ತದೆ ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿ.

ಎದುರುಬದುರಾದರೆ ಇಬ್ಬರೂ ಬಲಕ್ಕೇ ತಿರುಗಬೇಕು. ನಮ್ಮ ರಸ್ತೆ ನಿಯಮಕ್ಕೆ ಇದು ಉಲ್ಟಾ. ಸುತ್ತಲಿನ ವಿಮಾನಗಳನ್ನು ತೋರಿಸುವ ಎಡಿಎಸ್-ಬಿ ಪರದೆಯೂ ನೆರವಾಗುತ್ತದೆ. ಆದರೆ ಆ ಸಾಧನವಿಲ್ಲದ ವಿಮಾನ ಅದರಲ್ಲಿ ಕಾಣದಿರಬಹುದು. ಹಾಗಾಗಿ ಪರದೆ ಖಾಲಿಯಿದ್ದರೂ ಹೊರಗೆ ನೋಡುತ್ತಲೇ ಇರಬೇಕು.