ಆಲ್ಡೊ ಲಿಯೋಪೋಲ್ಡ್

ಆಲ್ಡೊ ಲಿಯೋಪೋಲ್ಡ್ (ಜನವರಿ ೧೧, ೧೮೮೭ – ಏಪ್ರಿಲ್ ೨೧, ೧೯೪೮) ಅಮೆರಿಕ ಸಂಯುಕ್ತ ಸಂಸ್ಥಾನದ ಅರಣ್ಯಾಧಿಕಾರಿ, ಪ್ರಾಧ್ಯಾಪಕ ಹಾಗೂ ಲೇಖಕರು. ವನ್ಯಜೀವಿ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು. ಸರ್ಕಾರಿ ಅರಣ್ಯಗಳ ಕೆಲವು ಭಾಗಗಳನ್ನು ರಸ್ತೆಗಳಿಲ್ಲದ ವನ್ಯಪ್ರದೇಶಗಳಾಗಿ ಉಳಿಸಬೇಕೆಂಬ ನೀತಿಗೂ ಇವರು ಬುನಾದಿ ಹಾಕಿದರು. ವೃತ್ತಿಜೀವನದ ಆರಂಭದಲ್ಲಿ ತೋಳಗಳ ನಿರ್ಮೂಲನೆಯನ್ನು ಸಮರ್ಥಿಸಿದ್ದ ಲಿಯೋಪೋಲ್ಡ್, ಮುಂದೆ ಅದು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಆರಂಭಿಕ ಜೀವನ

ಲಿಯೋಪೋಲ್ಡ್ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಜನಿಸಿದರು. ಮಿಸಿಸಿಪ್ಪಿ ನದಿಯ ದಡದಲ್ಲಿರುವ ಈ ಊರಿನಲ್ಲಿ ಬಾಲ್ಯದಿಂದಲೇ ಪಕ್ಷಿವೀಕ್ಷಣೆ ಮತ್ತು ಬೇಟೆಯನ್ನು ರೂಢಿಸಿಕೊಂಡರು. ಯೇಲ್ ವಿಶ್ವವಿದ್ಯಾಲಯದ ಅರಣ್ಯಶಾಲೆಯಿಂದ ೧೯೦೯ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಅರಣ್ಯ ಸೇವೆ

ಅದೇ ವರ್ಷ ಅಮೆರಿಕದ ಅರಣ್ಯ ಸೇವೆಗೆ ಸೇರಿ, ಅರಿಜೋನಾದ ಅಪಾಚೆ ರಾಷ್ಟ್ರೀಯ ಅರಣ್ಯದಲ್ಲಿ ಮರಗಳ ಸರ್ವೇಕ್ಷಣೆಗೆ ನಿಯುಕ್ತರಾದರು. ೧೯೧೨ರಲ್ಲಿ ನ್ಯೂ ಮೆಕ್ಸಿಕೋದ ಕಾರ್ಸನ್ ರಾಷ್ಟ್ರೀಯ ಅರಣ್ಯದ ಮೇಲ್ವಿಚಾರಕರಾದರು. ಮರುವರ್ಷ ತೀವ್ರವಾದ ಮೂತ್ರಪಿಂಡದ ಕಾಯಿಲೆಗೆ ತುತ್ತಾಗಿ ವರ್ಷಕ್ಕೂ ಹೆಚ್ಚು ಕಾಲ ಕೆಲಸದಿಂದ ದೂರವಿದ್ದರು. ಚೇತರಿಸಿಕೊಂಡ ಬಳಿಕ ಬೇಟೆಪ್ರಾಣಿಗಳ ರಕ್ಷಣೆಯತ್ತ ಗಮನ ಹರಿಸಿದರು. ತೋಳ ಮತ್ತು ಪರ್ವತಸಿಂಹಗಳನ್ನು ಕೊಂದರೆ ಜಿಂಕೆಗಳು ಹೆಚ್ಚುತ್ತವೆ ಎಂಬುದು ಆಗ ಅವರ ಹಾಗೂ ಅನೇಕ ಅಧಿಕಾರಿಗಳ ನಂಬಿಕೆಯಾಗಿತ್ತು.

ಗೀಲಾ ವನ್ಯಪ್ರದೇಶ

ಮೋಟಾರು ವಾಹನಗಳ ಬಳಕೆ ಹೆಚ್ಚಿದಂತೆ ಅರಣ್ಯಗಳೊಳಗೆ ರಸ್ತೆಗಳು ಹರಡತೊಡಗಿದವು. ಕೆಲವು ವಿಶಾಲ ಪ್ರದೇಶಗಳನ್ನಾದರೂ ರಸ್ತೆಗಳಿಂದ ಮುಕ್ತವಾಗಿಡಬೇಕೆಂದು ಲಿಯೋಪೋಲ್ಡ್ ೧೯೨೧ರಲ್ಲಿ ಲೇಖನವೊಂದರಲ್ಲಿ ವಾದಿಸಿದರು. ಅವರ ಪ್ರಸ್ತಾವದಂತೆ ೧೯೨೪ರ ಜೂನ್ ೩ರಂದು ನ್ಯೂ ಮೆಕ್ಸಿಕೋದ ಗೀಲಾ ರಾಷ್ಟ್ರೀಯ ಅರಣ್ಯದ ಒಂದು ಭಾಗವನ್ನು ವನ್ಯಪ್ರದೇಶವೆಂದು ಘೋಷಿಸಲಾಯಿತು. ಈ ಬಗೆಯ ರಕ್ಷಣೆ ಪಡೆದ ಮೊದಲ ಪ್ರದೇಶ ಇದು.

ಆದರೆ ಈ ರಕ್ಷಣೆ ಇಲಾಖೆಯ ಆದೇಶವನ್ನಷ್ಟೇ ಅವಲಂಬಿಸಿತ್ತು. ತೋಳಗಳಿಲ್ಲದ ಗೀಲಾದಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿದಾಗ, ಬೇಟೆಗಾರರ ಪ್ರವೇಶಕ್ಕೆಂದು ವನ್ಯಪ್ರದೇಶದ ಮಧ್ಯೆಯೇ ರಸ್ತೆ ನಿರ್ಮಿಸಲಾಯಿತು. ತೋಳಗಳ ನಾಶವೇ ವನ್ಯಪ್ರದೇಶದ ವಿಭಜನೆಗೆ ದಾರಿ ಮಾಡಿಕೊಟ್ಟಿತು.

ವನ್ಯಜೀವಿ ನಿರ್ವಹಣೆ

೧೯೨೪ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ವರ್ಗವಾದ ಲಿಯೋಪೋಲ್ಡ್, ೧೯೨೮ರಲ್ಲಿ ಅರಣ್ಯ ಸೇವೆಯನ್ನು ತೊರೆದು ಹಲವು ರಾಜ್ಯಗಳಲ್ಲಿ ಬೇಟೆಪ್ರಾಣಿಗಳ ಸಮೀಕ್ಷೆ ನಡೆಸಿದರು. ಅವರ 'ಗೇಮ್ ಮ್ಯಾನೇಜ್‌ಮೆಂಟ್' ಪಠ್ಯಗ್ರಂಥ ೧೯೩೩ರಲ್ಲಿ ಪ್ರಕಟವಾಯಿತು. ಬೇಟೆಯ ನಿಯಂತ್ರಣವೊಂದೇ ಸಾಲದು, ಪ್ರಾಣಿಗಳಿಗೆ ಬೇಕಾದ ಆಹಾರ, ನೀರು ಮತ್ತು ಅಡಗುದಾಣಗಳಿರುವ ನೆಲೆಯನ್ನು ಕಾಪಾಡಬೇಕು ಎಂಬುದು ಈ ಗ್ರಂಥದ ಮುಖ್ಯ ವಿಚಾರ. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಅವರಿಗಾಗಿ ಈ ವಿಷಯದ ಪ್ರಾಧ್ಯಾಪಕ ಹುದ್ದೆಯನ್ನು ಸೃಷ್ಟಿಸಿತು. ೧೯೩೫ರಲ್ಲಿ ಸ್ಥಾಪನೆಯಾದ 'ವೈಲ್ಡರ್‌ನೆಸ್ ಸೊಸೈಟಿ'ಯ ಸಂಸ್ಥಾಪಕರಲ್ಲಿ ಅವರೂ ಒಬ್ಬರು.

ನಿಲುವಿನ ಬದಲಾವಣೆ

೧೯೩೫ರಲ್ಲಿ ಜರ್ಮನಿಗೆ ಭೇಟಿ ನೀಡಿದ ಲಿಯೋಪೋಲ್ಡ್, ಅತಿಯಾದ ಜಿಂಕೆಗಳಿಂದ ಕಾಡಿನ ಕೆಳಸ್ತರದ ಸಸ್ಯಗಳು ನಾಶವಾಗಿರುವುದನ್ನು ಕಂಡರು. ಮರುವರ್ಷ ಮೆಕ್ಸಿಕೋದ ಸಿಯೆರಾ ಮಾದ್ರೆ ಪರ್ವತಗಳಲ್ಲಿ ತೋಳ, ಪರ್ವತಸಿಂಹ ಮತ್ತು ಜಿಂಕೆಗಳು ಒಟ್ಟಿಗೆ ಬದುಕಿದ್ದವು. ಅಲ್ಲಿನ ನೆಲ ಮತ್ತು ಸಸ್ಯರಾಶಿ ಆರೋಗ್ಯವಾಗಿದ್ದವು. ಈ ಅನುಭವಗಳು ಅವರ ನಿಲುವನ್ನು ಬದಲಿಸಿದವು. ೧೯೦೯ರಲ್ಲಿ ತಾವೇ ಗುಂಡಿಕ್ಕಿದ ತೋಳವೊಂದರ ಸಾವನ್ನು ನೆನೆದು ೧೯೪೪ರಲ್ಲಿ ಅವರು ಪ್ರಬಂಧವೊಂದನ್ನು ರಚಿಸಿದರು.

೧೯೪೩ರಿಂದ ವಿಸ್ಕಾನ್ಸಿನ್ ಸಂರಕ್ಷಣಾ ಆಯೋಗದ ಸದಸ್ಯರಾಗಿದ್ದ ಅವರು, ಹಸಿವಿನಿಂದ ಸಾಯುತ್ತಿದ್ದ ಜಿಂಕೆಗಳ ಸಂಖ್ಯೆಯನ್ನು ತಗ್ಗಿಸಲು ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ನೀಡಬೇಕೆಂದರು. ಇದಕ್ಕೆ ಸಾರ್ವಜನಿಕರಿಂದ ತೀವ್ರ ವಿರೋಧ ವ್ಯಕ್ತವಾಯಿತು.

ಕೊನೆಯ ವರ್ಷಗಳು

೧೯೩೫ರಲ್ಲಿ ಬರಾಬೂ ಸಮೀಪ ಸಾರ ಕಳೆದುಕೊಂಡಿದ್ದ ಜಮೀನೊಂದನ್ನು ಕೊಂಡ ಲಿಯೋಪೋಲ್ಡ್, ಪತ್ನಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳೊಂದಿಗೆ ಅಲ್ಲಿ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು. ೧೯೪೮ರ ಏಪ್ರಿಲ್ ೨೧ರಂದು ನೆರೆಯವರ ಜಮೀನಿನಲ್ಲಿ ಹುಲ್ಲಿಗೆ ಬಿದ್ದ ಬೆಂಕಿಯನ್ನು ನಂದಿಸುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಅವರ 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಕೃತಿ ೧೯೪೯ರಲ್ಲಿ ಪ್ರಕಟವಾಯಿತು. ಮಣ್ಣು, ನೀರು, ಸಸ್ಯ ಮತ್ತು ಪ್ರಾಣಿಗಳನ್ನೂ ಮನುಷ್ಯನ ನೈತಿಕ ಹೊಣೆಯ ವ್ಯಾಪ್ತಿಗೆ ತರುವ 'ಭೂನೀತಿ'ಯ ಪರಿಕಲ್ಪನೆ ಈ ಕೃತಿಯಲ್ಲಿದೆ.

ಪ್ರಭಾವ

೧೯೬೪ರ ವನ್ಯಪ್ರದೇಶ ಕಾಯಿದೆಯಿಂದ ಗೀಲಾ ಸೇರಿದಂತೆ ಇಂತಹ ಪ್ರದೇಶಗಳಿಗೆ ಶಾಸನಬದ್ಧ ರಕ್ಷಣೆ ದೊರೆಯಿತು. ೧೯೮೦ರಲ್ಲಿ ಗೀಲಾದ ಪೂರ್ವಕ್ಕಿರುವ ಪ್ರದೇಶಕ್ಕೆ 'ಆಲ್ಡೊ ಲಿಯೋಪೋಲ್ಡ್ ವನ್ಯಪ್ರದೇಶ' ಎಂದು ಹೆಸರಿಡಲಾಯಿತು. ಬೇಟೆಗಾರರಿಗಾಗಿ ನಿರ್ಮಿಸಿದ ರಸ್ತೆ ಇಂದಿಗೂ ಇವೆರಡನ್ನು ಬೇರ್ಪಡಿಸುತ್ತದೆ. ಲಿಯೋಪೋಲ್ಡ್ ಮೊದಲು ಕೆಲಸ ಮಾಡಿದ್ದ ಅಪಾಚೆ ಅರಣ್ಯದಲ್ಲಿ ೧೯೯೮ರಲ್ಲಿ ಮೆಕ್ಸಿಕನ್ ತೋಳಗಳನ್ನು ಮತ್ತೆ ಬಿಡಲಾಯಿತು.