ಜೀಪಿನ ಹೊಟ್ಟೆಯಲ್ಲಿ ಸಿಕ್ಕ ನಮ್ಮನೆ ಸಾಮಾನು

ಹೋದ ಬೇಸಿಗೇಲಿ ನಮ್ಮ ಹಳೇ ಜೀಪು ಬಿಚ್ಚಿದ್ರು. ಹತ್ತು ಹನ್ನೆರಡು ವರ್ಷದಿಂದ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಅದರ ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ ಇಡ್ತಿತ್ತು ಅನ್ನೋದು ಬಿಟ್ಟರೆ ಇನ್ಯಾವ ಉಪಯೋಗವೂ ಇರ್ಲಿಲ್ಲ. ಈಗ ಮಗನಿಗೆ ಇದ್ದಕ್ಕಿದ್ದ ಹಾಗೆ ಅದರ ಮೇಲೆ ಪ್ರೀತಿ ಬಂದಿದೆ. ನಮ್ಮ ಮೂಡಿಗೆರೆ ಕಡೆ ಹುಡುಗರಿಗೆ ಮಳೆಗಾಲದಲ್ಲಿ ಕೆಸರು ಗುಂಡಿಗೆ ಜೀಪು ಇಳಿಸಿ ಹತ್ತಿಸೋ ಆಟದ ಹುಚ್ಚು, ನಿಮಗೂ ಗೊತ್ತಲ್ಲ. ನಾವು ಗೊಬ್ಬರ, ಕಾಫಿ ಮೂಟೆ, ಬಾಣಂತಿ ಎಲ್ಲ ಹೇರ್ಕೊಂಡು ಓಡಾಡಿದ ಗಾಡಿ ಈಗ ಸ್ಪೋರ್ಟ್ಸ್ ಕಾರು ಕಣ್ರೇ!

ಮೇಸ್ತ್ರಿ ಬಂದು ಎರಡು ದಿನ ಬಿಚ್ಚಿದ. ಮೂರನೇ ದಿನ ನಾನು ಕಾಫಿ ಕೊಡೋಕೆ ಹೋದ್ರೆ ಅವನೂ ಮಗನೂ ಅಂಗಳದಲ್ಲಿ ಕೂತು ಬಿದ್ದು ಬಿದ್ದು ನಗ್ತಿದ್ದಾರೆ. ಗೋಣಿತಾಟು ಹಾಸಿ ಅದರ ಮೇಲೆ ಸಾಲಾಗಿ ಎಂತೆಂತದೋ ಜೋಡಿಸಿಟ್ಟಿದ್ದರು. ಜೀಪಿನ ಸಾಮಾನು ಇರಬೇಕು ಅಂದ್ಕೊಂಡು ಬಗ್ಗಿ ನೋಡಿದ್ರೆ ಎಲ್ಲ ನಮ್ಮನೆ ಸಾಮಾನೇ.

ಆಕ್ಸಿಲರೇಟರಿನ ಕಡ್ಡಿ ಕಳಚಿ ಬೀಳದ ಹಾಗೆ ಸಿಗಿಸಿದ್ದು ತಲೆಗೆ ಹಾಕೋ ಹೇರ್‌ಪಿನ್ನು. ಕಾಲಿಡೋ ಜಾಗ ತುಕ್ಕು ಹಿಡಿದು ತೂತಾಗಿದ್ದಲ್ಲಿ ಡಾಲ್ಡಾ ಡಬ್ಬ ಬಡಿದು ಚಪ್ಪಟೆ ಮಾಡಿ ಮೊಳೆ ಹೊಡೆದಿದ್ದರು, ಅದರ ತಾಳೆಮರದ ಚಿತ್ರ ಅರ್ಧ ಹಾಗೇ ಉಳಿದಿತ್ತು. ಎಂಜಿನ್ನು ಅದುರದ ಹಾಗೆ ಅಡಿಗೆ ಕೊಟ್ಟಿದ್ದು ಹವಾಯಿ ಚಪ್ಪಲಿ ಕುಯ್ದ ರಬ್ಬರು, ಅದೂ ಒಂದು ಕಡೆ ನೀಲಿ, ಇನ್ನೊಂದು ಕಡೆ ಬಿಳಿ. ಸೈಲೆನ್ಸರಿಗೆ ಡಬ್ಬದ ತಗಡು ಸುತ್ತಿ ಬೇಲಿ ತಂತಿಯಲ್ಲಿ ಬಿಗಿದಿತ್ತು. ಪೆಟ್ರೋಲ್ ಟ್ಯಾಂಕಿನ ಒಡಕಿಗೆ ಬಟ್ಟೆ ಸೋಪು ಮೆತ್ತಿತ್ತು. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಕಾರ್ಬುರೇಟರಿನ ಅಡಿಯಲ್ಲಿ ಪ್ಯಾಕಿಂಗ್ ಬದಲು ಯಾರದ್ದೋ ಮದುವೆ ಕಾಗದ ವೃತ್ತಾಕಾರಕ್ಕೆ ಕತ್ತರಿಸಿ ಹಾಕಿದ್ದರು. ಅದರ ಮೇಲೆ "ಆಗಮನಾಭಿಲಾಷಿಗಳು" ಅಂತ ಇನ್ನೂ ಓದಬಹುದಿತ್ತು.

ಅಷ್ಟರಲ್ಲಿ ನಮ್ಮತ್ತೆ ಕೋಲೂರಿಕೊಂಡು ಬಂದ್ರು. ವಯರು ಸುತ್ತಿದ್ದ ಒಂದು ಬಟ್ಟೆ ಚೂರನ್ನ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ್ರು.

"ಇದು ನನ್ ಸೀರೆ ಅಂಚು. ಹರಿದಿರ್ಲಿಲ್ಲ, ಒಣಗ್ಸಿದ್ದೆ. ಆವತ್ತಿಂದ ಹುಡುಕ್ತಿದ್ದೀನಿ."

ನಲವತ್ತು ವರ್ಷದ ಮೇಲೆ ಕಳ್ಳ ಸಿಕ್ಕಿದ. ಆದ್ರೆ ಕಳ್ಳ, ಅಂದ್ರೆ ನಮ್ಮ ಮಾವ, ಈಗಿಲ್ಲ.

ಮಗ ನಗ್ತಾ, "ಅಜ್ಜನಿಗೆ ತಲೆ ಇತ್ತಾ ಅಮ್ಮಾ?" ಅಂದ. ಅವನಿಗೆ ಅಂಗಡಿಗೆ ಹೋದ್ರೆ ಬೇಕಾದ ಸಾಮಾನು ಸಿಗುತ್ತೆ, ಇಲ್ಲದಿದ್ರೆ ಮೊಬೈಲಲ್ಲಿ ಒತ್ತಿದ್ರೆ ಮನೆಗೇ ಬರುತ್ತೆ. ಆ ಕಾಲ ಹಂಗಿರಲಿಲ್ಲ. ಎಂತಕ್ಕೆ ಹಂಗಿರಲಿಲ್ಲ ಅಂತ ನಮ್ಮ ಮಕ್ಕಳಿಗೆ ನಾವೇ ಹೇಳಬೇಕು. ಅದಕ್ಕೇ ಬರೀತಿದ್ದೀನಿ.

ಜೀಪು ಹುಟ್ಟಿದ್ದೇ ಯುದ್ಧಕ್ಕೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಯವರು ಸೇರಿ 6 ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದ್ರು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಗಾಡಿಗಳು ಹರಾಜಿಗೆ ಬಂದವು. ಬಂಗಾಳದ ಪಾನಾಗಢದಂಥಾ ಊರುಗಳು ಆ ಗುಜರಿಯಿಂದಲೇ ಹೆಸರಾದವು. 1940ರ ದಶಕದ ಕೊನೆಗೆ ಮುಂಬೈಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪಿನ ಭಾಗ ತರಿಸಿ ಜೋಡಿಸೋಕೆ ಶುರು ಮಾಡಿದ್ರು. ಆ ಕಂಪನಿ 1945ರಲ್ಲಿ ಹುಟ್ಟಿದಾಗ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ್ರು. 1948ರಲ್ಲಿ ಇಲ್ಲಿ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಅಂತ ಆಯ್ತು.

ನಮ್ಮನೇದು 3ಬಿ ಮಾಡೆಲ್ಲು. ಮೂತಿ ಚೂರು ಎತ್ತರ, ನೀವೆಲ್ಲ ನೋಡಿದ್ದೀರಿ. ಎಂಜಿನ್ನು ಎತ್ತರ ಆಯ್ತು ಅಂತ ಬಾನೆಟ್ಟನ್ನೂ ಎತ್ತರ ಮಾಡಿದ್ದು, ಚಂದಕ್ಕಲ್ಲ. ಅಮೆರಿಕದಲ್ಲಿ ಅದು 1953ರಲ್ಲಿ ಬಂದು 1968ಕ್ಕೆ ನಿಂತು ಹೋಯ್ತು. ನಮ್ಮ ದೇಶದಲ್ಲಿ ಆಮೇಲೂ ಬಹಳ ವರ್ಷ ಮಾಡ್ತಾನೇ ಇದ್ರು.

ಹಳೇ ಜೀಪಿನ ರಿಪೇರಿ ಅಂದ್ರೆ ನಗೋದು ನಮ್ಮನೇಲಿ ಮಾತ್ರ ಅಲ್ಲ, ದೇಶದಲ್ಲೇ ಒಂದು ದೊಡ್ಡ ರಾಮಾಯಣ ಆಗಿತ್ತು. 1948ರಲ್ಲಿ ಕಾಶ್ಮೀರದ ಯುದ್ಧ ನಡೀತಿದ್ದಾಗ ಸೈನ್ಯಕ್ಕೆ ಜೀಪು ಬೇಕಾಯ್ತು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್, ರಿಪೇರಿ ಮಾಡಿದ 2000 ಹಳೇ ಜೀಪು ತರಿಸೋಕೆ ಒಂದು ವಿದೇಶಿ ಕಂಪನಿ ಜೊತೆ ಕರಾರು ಮಾಡಿದ್ರು. ಬಂದಿಳಿದಿದ್ದು 155. ಸೈನ್ಯದವರು ನೋಡಿ, ಇವು ಉಪಯೋಗಕ್ಕೆ ಬರಲ್ಲ ಅಂದ್ಬಿಟ್ರು. ಪಾರ್ಲಿಮೆಂಟಲ್ಲಿ ವರ್ಷಗಟ್ಟಲೆ ಗಲಾಟೆ ಆಗಿ, 1955ರಲ್ಲಿ ಸರ್ಕಾರ ಈ ವಿಷಯ ಇಲ್ಲಿಗೆ ಮುಗೀತು ಅಂತು. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಹಗರಣ ಅಂತ ಇವತ್ತಿಗೂ ಹೇಳೋದು ಅದನ್ನೇ. ಹಂಗಾಗಿ ನಮ್ಮ ಮಾವನೊಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಇನ್ನು ಬಿಡಿಭಾಗದ ಕಥೆ. ಹೊರಗಿಂದ ತರಿಸೋ ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಕಾಲ ಅದು. ಗಾಡಿಯನ್ನ ಇಲ್ಲೇ ತಯಾರು ಮಾಡೋ ಹಂಗಿದ್ರೆ ಇರಿ, ಬರೀ ಜೋಡಿಸೋದಾದ್ರೆ ಬೇಡ ಅಂತ ಸರ್ಕಾರ ಗಟ್ಟಿಯಾಗಿ ಹೇಳಿತು. 1954ರ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಇಲ್ಲಿಂದ ಗಂಟುಮೂಟೆ ಕಟ್ಟಿದವು. ಯಾರ ಮನೇಲಿ ಫೋರ್ಡು, ಷೆವರ್ಲೆ ಇತ್ತೋ ಅವರ ಗಾಡಿಗೆ ತವರುಮನೆಯೇ ಇಲ್ಲದ ಹಾಗಾಯ್ತು. ಜೀಪಿನ ಸಾಮಾನು ಸಿಗ್ತಿತ್ತು, ಆದ್ರೆ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಕಳಸ, ಸಂಸೆ ಕಡೆಯವರಿಗೆ ಮಳೆಗಾಲದಲ್ಲಿ ಭದ್ರಾ ಹೊಳೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ್ರೆ ಹೊರನಾಡಿಗೂ ದಾರಿ ಇಲ್ಲ, ಬೆಂಗಳೂರು ಎಲ್ಲಿಂದ ಬಂತು?

ದುಡ್ಡೂ ಹಂಗೇ. ಆಗ ಕಾಫಿ ನಮಗೆ ಬೇಕಾದವರಿಗೆ ಮಾರೋ ಹಾಗಿರಲಿಲ್ಲ. ಬೆಳೆದಿದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ಬೋರ್ಡಿನವರು ಮಾರಿ ದುಡ್ಡನ್ನ ಕಂತು ಕಂತಾಗಿ ಕೊಡೋರು. ಈ ವರ್ಷದ ಕಾಫಿಯ ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ವರ್ಷದ್ದು ಕುಯ್ಯೋಕೆ ಬಂದಿರ್ತಿತ್ತು. ಕಂತು ಬಂದ ಕೂಡ್ಲೆ ಆಳುಗಳ ಬಟವಾಡೆ, ಗೊಬ್ಬರ, ಮಕ್ಕಳ ಹಾಸ್ಟೆಲ್ ಫೀಸು. ಜೀಪಿಗೆ ಉಳೀತಿದ್ದಿದ್ದು ನನ್ನತ್ತೆ ಸೀರೆ ಅಂಚು, ಡಾಲ್ಡಾ ಡಬ್ಬ.

ಈ ಮದ್ದುಗಳಲ್ಲಿ ಕೆಲವಕ್ಕೆ ಅರ್ಥ ಇತ್ತು ಅಂತ ಮೇಸ್ತ್ರಿಯೇ ಹೇಳಿದ. ಸೋಪು ನೀರಲ್ಲಿ ಕರಗುತ್ತೆ, ಪೆಟ್ರೋಲಲ್ಲಿ ಕರಗಲ್ಲ. ಅದಕ್ಕೇ ಟ್ಯಾಂಕಿನ ಒಡಕಿಗೆ ಸೋಪು ತಿಕ್ಕಿದ್ರೆ ನಿಲ್ಲುತ್ತೆ. ಟ್ಯಾಂಕು ಇರೋದು ಡ್ರೈವರ್ ಸೀಟಿನ ಅಡಿಯಲ್ಲೇ ಅನ್ನೋದು ನನಗೆ ಈಗ ಗೊತ್ತಾಯ್ತು. ಮಾವ ಸೋರೋ ಟ್ಯಾಂಕಿನ ಮೇಲೆ ಕೂತು ಸಿಗರೇಟು ಸೇದ್ತಿದ್ರು, ಮಾರಾಯ್ತಿ! ರೇಡಿಯೇಟರ್ ಸೋರಿದ್ರೆ ಅರಿಶಿನದ ಪುಡಿ ಹಾಕೋರು. ಪುಡಿ ನೀರಿನ ಜೊತೆ ತಿರುಗಿ ತೂತಿನ ಬಾಯಲ್ಲಿ ಕೂತು ಉಬ್ಬಿ ಮುಚ್ಚುತ್ತೆ. ಆದ್ರೆ ಅರಿಶಿನಕ್ಕೆ ಯಾವುದು ತೂತು, ಯಾವುದು ನೀರು ಹೋಗೋ ಕೊಳವೆ ಅಂತ ಗೊತ್ತಾ? ಎಲ್ಲದರಲ್ಲೂ ಕೂರುತ್ತೆ. ಆಮೇಲೆ ಪ್ರತೀ ಏರಲ್ಲೂ ಎಂಜಿನ್ನು ಕುದಿಯುತ್ತೆ. ನಮ್ಮ ರೇಡಿಯೇಟರು ತೊಳೆದಾಗ ಬಂದ ನೀರು ಥೇಟ್ ಸಾರಿನ ಬಣ್ಣ. ಬೆಳ್ಳಿ ಕಾಗದದ ಫ್ಯೂಸು ಎಲ್ಲಕ್ಕಿಂತ ಕೆಟ್ಟದ್ದು. ಫ್ಯೂಸು ಇರೋದೇ ತಾನು ಸುಟ್ಟು ವಯರನ್ನ ಉಳಿಸೋಕೆ. ಕಾಗದ ಹಾಕಿದ್ರೆ ವಯರೇ ಸುಡುತ್ತೆ. ಅದು ಸುಟ್ಟಾಗಲೇ ಅತ್ತೆ ಸೀರೆ ಅಂಚು ಹೋಗಿದ್ದು.

ನಗು ಇಲ್ಲಿಗೆ ಸಾಕು. ಮೇಸ್ತ್ರಿ ಬ್ರೇಕಿನ ಕಡೆ ಹೋದಾಗ ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡ್ವಿ. ಮಗನಿಗೆ ಈ ಕಥೆ ಯಾರೂ ಹೇಳಿರಲಿಲ್ಲ.

1987ರ ಏಪ್ರಿಲ್. ನಾನು ಈ ಮನೆಗೆ ಬಂದು ಒಂದು ವರ್ಷ ಆಗಿತ್ತು. ನಾದಿನಿಯ ಮಗುವಿನ ಮುಡಿ ಕೊಡೋಕೆ ಧರ್ಮಸ್ಥಳಕ್ಕೆ ಹೊರಟಿದ್ವಿ. ಮಾವ ಓಡಿಸ್ತಿದ್ರು, ಪಕ್ಕದಲ್ಲಿ ಚಿಕ್ಕಮಾವ, ಹಿಂದೆ ನಾನು, ಅತ್ತೆ, ಮಗು ಎತ್ಕೊಂಡ ನಾದಿನಿ. ಹಿಂದಿನ ದಿನ ಬ್ರೇಕ್ ಆಯಿಲ್ ಕಮ್ಮಿಯಾಗಿತ್ತಂತೆ. ಈ ಜೀಪಿನಲ್ಲಿ ಅದನ್ನ ಹುಯ್ಯೋ ಡಬ್ಬಿ ಡ್ರೈವರ್ ಕಾಲಡಿಯಲ್ಲಿರುತ್ತೆ, ತಗಡು ಎತ್ತಿ ನೋಡಬೇಕು. ಯಾರು ನೋಡ್ತಾರೆ? ಬಾಣಲೆಯ ಅಡಿ ತೊಳೆದ ಹಾಗೇ. ನೋಡಿದಾಗ ಖಾಲಿ. ಪೇಟೆಗೆ ಹೋಗೋಕೆ ಹೊತ್ತಿಲ್ಲ. ಚಿಕ್ಕಮಾವ ಸೋಪಿನ ನೀರು ಕಲಸಿ ತುಂಬಿಸಿದ್ರು. ಅಂಗಳದಲ್ಲಿ ತುಳಿದು ನೋಡಿದ್ರೆ ಬ್ರೇಕು ಗಟ್ಟಿಯಾಗೇ ಇತ್ತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ವಿ. ಚಾರ್ಮಾಡಿ ಘಾಟಿ ಇಳಿಯೋಕೆ ಶುರು. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಲಿಸಿ ಕಾಣಿಕೆ ಹಾಕಿ ಕೈಮುಗಿದ್ವಿ. ಅಲ್ಲಿಂದ ನಾಕು ತಿರುವು ಇಳಿದಿರಬಹುದು, ಮಾವ ಬ್ರೇಕ್ ತುಳಿದ್ರೆ ಪೆಡಲ್ಲು ಸೀದಾ ನೆಲಕ್ಕೆ ಹೋಯ್ತು. ಇನ್ನೊಂದ್ಸಲ ತುಳಿದ್ರು. ಎಂತದೂ ಇಲ್ಲ.

ಆಗಿದ್ದು ಇಷ್ಟೇ ಅಂತ ಈಗ ಮೇಸ್ತ್ರಿ ಬಿಡಿಸಿ ಹೇಳಿದ. ಇಳಿಜಾರಲ್ಲಿ ಬ್ರೇಕ್ ಹಿಡೀತಾ ಹೋದ್ರೆ ಚಕ್ರದ ಹತ್ರ ಬಿಸಿ ಏರುತ್ತೆ. ನೀರು 100 ಡಿಗ್ರಿಗೆ ಕುದಿಯುತ್ತೆ, ಸರಿಯಾದ ಬ್ರೇಕ್ ಆಯಿಲ್ ಕುದಿಯೋಕೆ 200 ದಾಟಬೇಕು. ನೀರನ್ನ ಒತ್ತಿದ್ರೆ ಕುಗ್ಗಲ್ಲ, ಒತ್ತಡ ಚಕ್ರಕ್ಕೆ ಮುಟ್ಟುತ್ತೆ. ಹಬೆ ಒತ್ತಿದ್ರೆ ಕುಗ್ಗಿ ಸುಮ್ಮನಾಗುತ್ತೆ. ಅಂಗಳದಲ್ಲಿ ಗಟ್ಟಿ ಇದ್ದ ಬ್ರೇಕು ಘಾಟಿಯಲ್ಲಿ ಮಾಯವಾಗಿದ್ದು ಅದಕ್ಕೇ. ಆ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಹೋದ್ರೆ ನಾಲ್ಕೂ ಹೋಯ್ತು.

ಮಾವ ಗೇರು ಇಳಿಸಿದ್ರು, ಹ್ಯಾಂಡ್‌ಬ್ರೇಕ್ ಎಳೆದ್ರು. ಆಚೆ ಕಡೆ ಪ್ರಪಾತ. ಜೀಪನ್ನ ಗುಡ್ಡದ ಕಡೆಯ ಚರಂಡಿಗೆ ಇಳಿಸಿ ದರೆಗೆ ಉಜ್ಜಿ ನಿಲ್ಲಿಸಿದ್ರು. ಮಗುವಿಗೆ ಏನೂ ಆಗಲಿಲ್ಲ. ಮಗುವನ್ನ ಅವಚಿಕೊಂಡಿದ್ದ ನಾದಿನಿಯ ಎಡಗೈ ಮೊಣಕೈ ಹತ್ರ ಮುರೀತು. ಇವತ್ತಿಗೂ ಅವಳಿಗೆ ಆ ಕೈ ಪೂರ್ತಿ ನೆಟ್ಟಗಾಗಲ್ಲ. ಜಡೆ ಹಾಕಿಕೊಳ್ಳೋಕೆ ಕಷ್ಟ ಅಂತ ಆಮೇಲೆ ಕೂದಲು ಗಿಡ್ಡ ಮಾಡಿಕೊಂಡ್ಲು. ಫ್ಯಾಷನ್ನು ಅಂತ ಆಡಿಕೊಂಡವರು ನಮ್ಮಲ್ಲೇ ಇದ್ದೀರಿ.

ಅತ್ತೆ ಆ ದಿನ ರಸ್ತೆ ಬದಿಯಲ್ಲಿ ಯಾರಿಗೂ ಬೈಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದ್ರು: "ಓಡ್ಸೋಕೆ ಎಂತ ಬೇಕಾದ್ರೂ ಕಟ್ಕಳಿ, ನನ್ ಸೀರೆನೇ ಕಟ್ಕಳಿ. ನಿಲ್ಸೋದಕ್ಕೆ ಮಾತ್ರ ಏನೂ ಕಟ್ಬೇಡಿ." ಮುಂದಿನ ತಿಂಗಳ ದಿನಸಿ ಚೀಟಿಯಲ್ಲಿ ತೊಗರಿಬೇಳೆ, ಕೊಬ್ಬರಿ ಎಣ್ಣೆ ಆದ ಮೇಲೆ "ಬ್ರೇಕ್ ಆಯಿಲ್ 1" ಅಂತ ಅವರ ಕೈಬರಹದಲ್ಲೇ ಇತ್ತು. ಆಮೇಲೆ ಪ್ರತೀ ಚೀಟಿಯಲ್ಲೂ ಇತ್ತು. ಉಗ್ರಾಣದಲ್ಲಿ ಉಪ್ಪಿನಕಾಯಿ ಜಾಡಿ ಪಕ್ಕ ಯಾವಾಗಲೂ ಒಂದು ತುಂಬಿದ ಡಬ್ಬಿ ಇರ್ತಿತ್ತು. ಹೊಸದಾಗಿ ಬಂದ ನೆಂಟರು ಅದೆಂತ ಅಂತ ಕೇಳಿದ್ರೆ, "ದೇವರ ಎಣ್ಣೆ" ಅನ್ನೋರು.

ಕಾಫಿ ಮಾರಾಟದ ಕಟ್ಟು ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಬಿಟ್ಟಿತು. ಒಳ್ಳೇ ರೇಟೂ ಬಂತು. ಮನೆ ಮನೆಗೆ ಮಾರುತಿ ಬಂತು, ಹೊಸ ಜೀಪು ಬಂತು. ಸಾಮಾನು ಪೇಟೇಲೇ ಸಿಗೋಕೆ ಶುರುವಾಯ್ತು. ಹಳೇ ಜೀಪು ಶೆಡ್ಡು ಸೇರಿತು, ಕೋಳಿ ಬಂತು.

ಧರ್ಮಸ್ಥಳದ ಕಾರ್ ಮ್ಯೂಸಿಯಂ ನೀವು ನೋಡಿರ್ತೀರಿ. ಅಲ್ಲಿನ ಕಾರುಗಳು ಕನ್ನಡಿ ಹಾಗೆ ಹೊಳೀತವೆ. ಮೊನ್ನೆ ಹೋದಾಗ ನಾದಿನಿ ಒಂದು ಹಳೇ ಕಾರಿನ ಮುಂದೆ ನಿಂತು, "ಇದರ ಹೊಟ್ಟೇಲಿ ಯಾರ ಸೀರೆ ಇತ್ತೋ ಅತ್ತಿಗೆ" ಅಂದ್ಲು. ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ನಿಮ್ಮನೆ ಶೆಡ್ಡಲ್ಲೂ ಇಂಥದ್ದೊಂದು ಇದ್ರೆ ಗುಜರಿಯವನಿಗೆ ಕೊಡೋ ಮುಂಚೆ ಒಂದ್ಸಲ ಬಿಚ್ಚಿಸಿ ನೋಡಿ. ಮನೆಯ ಹಿರಿಯರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವುದು ಯಾರದ್ದು ಅಂತ ಅವರಿಗೇ ಗೊತ್ತಿರೋದು. ರಸ್ತೆಗೆ ಇಳಿಸೋದಾದ್ರೆ ಮೊದಲು ಬ್ರೇಕು. ಸರಿಯಾದ ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರಿಕೊಳ್ಳುತ್ತೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಂತೆ. ನಿಂತ ಗಾಡೀಲಿ ಇರೋದು ಹಳೇ ಎಣ್ಣೆ ಅಂತ ನಂಬಿ ಇಳಿಸಬೇಡಿ.

ನಮ್ಮ ಜೀಪು ಈಗ ಓಡ್ತಿದೆ. ಮಗ ಬ್ರೇಕಿನ ಸಾಮಾನೆಲ್ಲ ಹೊಸದು ಹಾಕಿಸಿದ. ಡಾಲ್ಡಾ ಡಬ್ಬದ ತಗಡು ಮಾತ್ರ ಹಾಗೇ ಉಳಿಸಿಕೊಂಡಿದ್ದಾನೆ, ಸ್ನೇಹಿತರಿಗೆ ತೋರಿಸೋಕಂತೆ. ಸೀರೆ ಅಂಚನ್ನ ಅತ್ತೆ ತೊಳೆದು ಒಣಗಿಸಿ ಮಡಚಿ ಟ್ರಂಕಿಗೆ ಹಾಕಿಕೊಂಡ್ರು. ಗ್ರೀಸಿನ ಕಲೆ ಹೋಗಿಲ್ಲ. ಕೆಸರಾಟಕ್ಕೆ ಹೊರಟ ದಿನ ಮೊಮ್ಮಗನನ್ನ ಬಾಗಿಲಲ್ಲೇ ನಿಲ್ಲಿಸಿ, "ಡಬ್ಬಿ ತಗಂಡ್ಯೇನಾ?" ಅಂತ ಕೇಳಿದ್ರು. ಅವನು ಉಗ್ರಾಣಕ್ಕೆ ವಾಪಸ್ಸು ಹೋಗಿ ತಗೊಂಡು ಬಂದ.